ಕುರುವದ ಗಡ್ಡೆಯ ಕುಂಡೆಕುಸ್ಕ ಯಾವ ತಾಲ್ಲೂಕಿನದು?

ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹರಿದು ಬರುವ ದಾರಿಯಲ್ಲಿ, ಗೋವಿನಕೋವಿಯ ಬಳಿ ಕುರುವದ ಗಡ್ಡೆಯಿದೆ. ಗಡ್ಡೆಯ ಮೇಲೆ ರಾಮೇಶ್ವರನಿದ್ದಾನೆ. ಚಳಿಗಾಲದಲ್ಲಿ ಹೊಳೆಯ ಅಂಚಿನಲ್ಲಿ ಹುಳ ಹೆಕ್ಕುತ್ತ, ಬಾಲ ಕುಣಿಸುತ್ತ ಓಡಾಡುವ, ಇಪ್ಪತ್ತು ಗ್ರಾಮಿನ ಆಸುಪಾಸು ತೂಗುವ ಬಿಳಿ ಕುಂಡೆಕುಸ್ಕವೇ ಪ್ರಸ್ತುತ ಪ್ರಬಂಧದ ವಸ್ತು. ಅದು ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂಬ ಕ್ಷುಲ್ಲಕ ಸಂಗತಿಗಳನ್ನು ಸಲೀಂ ಅಲಿಯಂಥವರು ಬರೆದಿಟ್ಟಿದ್ದಾರೆ. ಅದು ಯಾವ ತಾಲ್ಲೂಕಿನದು ಎಂಬ ಮೂಲಭೂತ ಪ್ರಶ್ನೆಗೆ ಮಾತ್ರ ಯಾರೂ ಕೈ ಹಾಕಿಲ್ಲ.

ಮೊದಲು ಪೂರ್ವಪಕ್ಷ. ನ್ಯಾಮತಿ ತಾಲ್ಲೂಕಾದದ್ದೇ ಮೊನ್ನೆ ಮೊನ್ನೆ. ಹಳೆಯ ಹಕ್ಕಿಗಳೆಲ್ಲ ಹೊನ್ನಾಳಿಯವು, ಮರಿಗಳಿಗೆ ಪೌತಿ ಖಾತೆಯೂ ಅಲ್ಲಿಯದೇ ಎಂಬುದು ಹೊನ್ನಾಳಿ ಪಂಥ. ಗಡ್ಡೆ ಯಾರದೋ ಹಕ್ಕಿ ಅವರದು, ಪಹಣಿ ನೋಡಿರಿ ಎಂಬುದು ನ್ಯಾಮತಿ ಪಂಥ. ಸೂಳೆಕೆರೆಯಂಥ ಸೂಳೆಕೆರೆ ಇರುವಾಗ ತಿಳಿವಳಿಕೆಯುಳ್ಳ ಹಕ್ಕಿ ಗಡ್ಡೆಗೆ ಹೋಗುವುದೇ ಇಲ್ಲ. ಹೋಗಿದ್ದರೆ ಅದು ದಾರಿ ತಪ್ಪಿದ ಚನ್ನಗಿರಿ ಹಕ್ಕಿ ಎಂಬುದು ಮೂರನೆಯ ಪಂಥ. ಇದಕ್ಕೆ ತರ್ಕದ ಹಂಗಿಲ್ಲ, ಆದ್ದರಿಂದ ಖಂಡಿಸುವುದೂ ಕಷ್ಟ.

ತೊಡಕಿರುವುದು 1997ರಲ್ಲಿ. ಆ ವರ್ಷ ಏಪ್ರಿಲ್ ಹೊತ್ತಿಗೆ ಕುಂಡೆಕುಸ್ಕ ಶಿವಮೊಗ್ಗ ಜಿಲ್ಲೆಯಿಂದ ಉತ್ತರಕ್ಕೆ ಹೊರಟಿತು. ಅದು ಅತ್ತ ಮರಿ ಮಾಡುತ್ತಿದ್ದಾಗ, ಇತ್ತ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿ ಹೊನ್ನಾಳಿ, ಚನ್ನಗಿರಿಗಳು ಅದಕ್ಕೆ ಸೇರಿದವು. ಮಳೆಗಾಲ ಮುಗಿಸಿ ಅದೇ ಹಕ್ಕಿ ಅದೇ ಬಂಡೆಗೆ ಬಂದು ಕೂತರೆ ಜಿಲ್ಲೆಯೇ ಬೇರೆ! ಹಿಮಾಲಯ ದಾಟಿ ಬಂದ ಜೀವಕ್ಕೆ ಇದೊಂದು ತಿಳಿಯಲಿಲ್ಲವೆಂದರೆ ಅದರ ದಿಕ್ಕಿನ ಜ್ಞಾನವನ್ನು ಹೊಗಳುವವರು ಮರುಚಿಂತನೆ ಮಾಡಬೇಕು. ಅದೇ ಹೊಳೆಯ ಬಿಳಿಹುಬ್ಬಿನ ಕುಂಡೆಕುಸ್ಕವನ್ನು ನೋಡಿ: ಭಾರತ ಉಪಖಂಡ ಬಿಟ್ಟು ಕದಲದ ಸ್ಥಳೀಕ. ವಾಸಸ್ಥಳ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿದರೆ ಅರ್ಧ ದಿನದಲ್ಲಿ ಸಿಕ್ಕೀತು (ನಾಡಕಚೇರಿಯಲ್ಲಿ ಸರ್ವರ್ ಇದ್ದರೆ).

ಇನ್ನು ಬಾಲ. ತಾನು ಎಚ್ಚರವಿರುವುದನ್ನು ಬೇಟೆಗಾರ ಹಕ್ಕಿಗೆ ತಿಳಿಸಲು ಅದು ಬಾಲ ಆಡಿಸುತ್ತದೆಂದು ಕೆಲವು ವಿದ್ವಾಂಸರ ಊಹೆ. ಇದು ಸಾಲದು. ಬಾಲ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಎರಡು ದಡಗಳಲ್ಲಿ ಯಾವುದನ್ನೂ ತೋರಿಸದ ಈ ಜಾಣತನ ಪಂಚಾಯಿತಿ ಚುನಾವಣೆ ಕಂಡ ಪ್ರಾಣಿಗಲ್ಲದೆ ಬಾರದು.

ಜಗಳೂರನ್ನು ಈವರೆಗೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬರದ ತಾಲ್ಲೂಕು, ಹೊಳೆಯಿಲ್ಲ. ರಂಗಯ್ಯನದುರ್ಗದ ಕೊಂಡುಕುರಿಗೆ ನಾಲ್ಕು ಕೊಂಬಿದ್ದರೂ ಹಾರಲು ಬಾರದು. ಆದರೆ ಹರಿಹರದ ಬಳಿಯಿಂದ ಇದೇ ತುಂಗಭದ್ರೆಯ ನೀರನ್ನೆತ್ತಿ 57 ಕೆರೆಗಳಿಗೆ ತುಂಬಿಸುವ ಯೋಜನೆ ಬಂದಾಗಿನಿಂದ ಜಗಳೂರಿನವರೂ ದಾವೆ ಹೂಡಿದ್ದಾರೆ: ಕುರುವದಲ್ಲಿ ಹಕ್ಕಿ ಕೊಕ್ಕದ್ದಿದ ನೀರು ಪೈಪಿನಲ್ಲಿ ನಮ್ಮ ಕೆರೆಗೆ ಬರುತ್ತಿರುವುದರಿಂದ ಹಕ್ಕಿಯಲ್ಲಿ ನಮಗೂ ಪಾಲಿದೆ. ದಾವೆ ಗಟ್ಟಿಯಾಗಿದೆ. ಕುಂಡೆಕುಸ್ಕ ಮಾತ್ರ ಏಪ್ರಿಲಿನಲ್ಲಿ ವಾಯಿದೆ ತಪ್ಪಿಸುವುದು ಖಚಿತವಾದ್ದರಿಂದ, ವಿಚಾರಣೆಯನ್ನು ಸೆಪ್ಟೆಂಬರಿಗೆ ಮುಂದೂಡುವಂತೆ ನಾಲ್ಕೂ ತಾಲ್ಲೂಕುಗಳು ಮೊದಲ ಬಾರಿಗೆ ಒಮ್ಮತದಿಂದ ಕೋರಿವೆ.