ಪೆಂಡಾಲ್ ಹುಡುಕುವವರು

ನಮ್ಮ ವಿಜಿನಾಪುರದಲ್ಲಿ ಹಳೇ ಮನೆಗಳ ನಡುವಿನ ಕಾಂಪೌಂಡು ಎದೆಮಟ್ಟ ದಾಟುವುದಿಲ್ಲ. ಕಟ್ಟಿಸಿದವರಲ್ಲಿ ಐಟಿಐ ಕಾರ್ಖಾನೆಯವರೇ ಹೆಚ್ಚು. 1948ರಲ್ಲಿ ದೂರವಾಣಿನಗರದಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಕೂತು ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟವರು ನಾವು. ನಮ್ಮನಮ್ಮಲ್ಲಿ ಮಾತಾಡುವುದಕ್ಕೆ ಮಾತ್ರ ಗೋಡೆಯನ್ನೇ ನಂಬಿಕೊಂಡೆವು. ಗೋಡೆಗೆ ಬಿಲ್ಲು ಬರುವುದಿಲ್ಲ, ನೋಡಿ.

ಆಚೆ ಮನೆಯ ಸೊಸೆ ಇಂದಿರಾನಗರದ ಯಾವುದೋ ಆಫೀಸಿನಲ್ಲಿ ಎಸ್‌ಇಒ ಕೆಲಸದಲ್ಲಿದ್ದಾಳೆ. ಜನ ಗೂಗಲಿನಲ್ಲಿ ಏನಾದರೂ ಹುಡುಕಿದರೆ ತನ್ನ ಗಿರಾಕಿಯ ಹೆಸರು ಮೇಲಕ್ಕೆ ಬರುವಂತೆ ನೋಡಿಕೊಳ್ಳುವ ಉದ್ಯೋಗ. "ಯೆಲ್ಲೋ ಪೇಜಸ್ ಕಾಲದಲ್ಲಿ ಮೊದಲನೇ ಸಾಲಲ್ಲೇ ಬರ್ಲಿ ಅಂತ ಎಎಎ ಟ್ರಾವೆಲ್ಸ್, ಎಎಎ ಪ್ಲಂಬರ್ಸ್ ಅಂತೆಲ್ಲಾ ಹೆಸರಿಡ್ತಿದ್ರಲ್ಲಮ್ಮಾ, ಅದೇನಾ?" ಅಂದಿದ್ದೆ. "ಅದೇ ಅಂಕಲ್. ಈಗ ಸಂಬಳ ಕೊಡ್ತಾರೆ, ಅಷ್ಟೇ" ಅಂದಳು.

ಹೋದ ಭಾನುವಾರ ನನ್ನ ಭಾಮೈದ ಒಂದು ಪಾಂಪ್ಲೆಟ್ಟು ಹಿಡಿದು ಬಂದ. ಕೆ.ಆರ್. ಪುರದಲ್ಲಿ ಅವನದು ಶಾಮಿಯಾನ ಅಂಗಡಿ. ಕುರ್ಚಿ, ಟೇಬಲ್ಲು, ಅಡುಗೆ ಪಾತ್ರೆ, ಸೀರಿಯಲ್ ಸೆಟ್ಟು, ಮೈಕು, ಎಲ್ಲ ಬಾಡಿಗೆಗೆ. ಯಾರೋ ಟೈ ಕಟ್ಟಿಕೊಂಡ ಹುಡುಗ ಅಂಗಡಿಗೆ ಬಂದು, ಎಐ ಚಾಟ್‌ಬಾಟಿಗೆ ಪ್ಲಗಿನ್ ಹಾಕಿ ಜನ ಹುಡುಕೋ ಪದ, ಅಂದ್ರೆ ನಿಮಗೆ ಬೇಕಾದ ಕೀವರ್ಡೆಲ್ಲ ತೆಗೆದುಕೊಡ್ತೀವಿ, ಬೆಳ್ಳಿ, ಚಿನ್ನ, ವಜ್ರ ಅಂತ ಮೂರು ಪ್ಯಾಕೇಜಿದೆ ಅಂದನಂತೆ. "ಭಾವಾ, ಇದ್ರಲ್ಲಿ ಯಾವ್ದು ತಗೊಳ್ಳಿ?" ಎಂದ. ನಾನು ಗೋಡೆ ಕಡೆ ಕೈ ತೋರಿಸಿದೆ. ಆಚೆ ಮನೆಯ ಸೊಸೆ ಬಟ್ಟೆ ಒಣಗಿಸುತ್ತಿದ್ದಳು.

ಪಾಂಪ್ಲೆಟ್ಟು ನೋಡಿ ನಕ್ಕಳು. "ಅಣ್ಣಾ, ಇದ್ರಲ್ಲಿ ಬರ್ದಿರೋ ಅರ್ಧ ಸಾಮಾನು ತೀರಿಹೋಗಿದೆ."

"ಸ್ಟಾಕಿಲ್ವಾ ಮೇಡಂ?"

"ಸ್ಟಾಕಲ್ಲ ಅಣ್ಣಾ, ಜೀವಾನೇ ಇಲ್ಲ."

ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. 2023ರ ಶುರುವಿನಲ್ಲಿ ಚಾಟ್‌ಜಿಪಿಟಿ ಎಂಬ ಚಾಟ್‌ಬಾಟಿಗೆ 2021ರ ಸೆಪ್ಟೆಂಬರಿನವರೆಗೆ ಓದಿದ್ದಷ್ಟೇ ಗೊತ್ತಿತ್ತು, ಈ ಹೊತ್ತಿನ ಲೋಕ ಗೊತ್ತಿರಲಿಲ್ಲ. ಹೊರಗಿನ ಕಂಪನಿಗಳ ಮಾಹಿತಿಯನ್ನು ಅದಕ್ಕೆ ಮುಟ್ಟಿಸುವ ಬಾಗಿಲು ಅಂತ ಅದರ ಒಡೆಯರಾದ ಓಪನ್‌ಎಐನವರು 2023ರ ಮಾರ್ಚ್ 23ರಂದು ಪ್ಲಗಿನ್ ಪ್ರಕಟಿಸಿದರು. ಮೇ ತಿಂಗಳಿಂದ, ತಿಂಗಳಿಗೆ 20 ಡಾಲರ್ ಕಟ್ಟುವವರಿಗೆ ಸಿಕ್ಕಿತು. ನೂರಾರು ಪ್ಲಗಿನ್ನುಗಳು ಬಂದವು. ಒಂದು ಸಲಕ್ಕೆ ಮೂರನ್ನು ಮಾತ್ರ ಹಚ್ಚಬಹುದಿತ್ತು. ಎಸ್‌ಇಒ ಮಂದಿ ಯಾವ ಮೂರು ಒಳ್ಳೆಯದು ಅಂತ ಹೋಲಿಸಿದ್ದೇ ಹೋಲಿಸಿದ್ದು. 2024ರ ಜನವರಿಯಲ್ಲಿ ಜಿಪಿಟಿ ಸ್ಟೋರ್ ಅಂತ ಬೇರೆ ಅಂಗಡಿ ತೆರೆದು, ಮಾರ್ಚ್ 19ರಿಂದ ಪ್ಲಗಿನ್ನಿನ ಹೊಸ ಮಾತುಕತೆ ನಿಲ್ಲಿಸಿ, ಏಪ್ರಿಲ್ 9ಕ್ಕೆ ಪೂರ್ತಿ ಮುಚ್ಚಿದರು.

ನನಗೆ ಆ ತಾರೀಖು ಕೇಳಿ ಬೇರೆಯದೇ ನೆನಪಾಯಿತು. ಪ್ಲಗಿನ್ ಪ್ರಕಟವಾದ ಎರಡೇ ದಿನಕ್ಕೆ, ಮಾರ್ಚ್ 25ಕ್ಕೆ, ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಉದ್ಘಾಟನೆ. ಆದರೆ ಬೈಯಪ್ಪನಹಳ್ಳಿಗೂ ನಮಗೂ ನಡುವೆ ಹಳಿ ಕೂಡಿರಲಿಲ್ಲ. ಇಂದಿರಾನಗರಕ್ಕೆ ಹೋಗುವವರು ನಡುವೆ ಬಸ್ಸು ಹತ್ತಿ ಇಳಿದು ಮತ್ತೆ ಮೆಟ್ರೊ ಹತ್ತಬೇಕಿತ್ತು. ಆ ತುಂಡನ್ನು ಅಕ್ಟೋಬರ್ 9ಕ್ಕೆ ಕೂಡಿಸಿದರು. ನಾವು ಬೈದದ್ದಕ್ಕೆ ಲೆಕ್ಕವಿಲ್ಲ; ಆದರೂ ಹಾಕಿದ ಹಳಿ ಇನ್ನೂ ಇದೆ. ಪ್ಲಗಿನ್ನಿನವರು ಒಂದು ಯುಗಾದಿಗೆ ಕರೆದು ಮುಂದಿನ ಯುಗಾದಿಗೆ ಬೀಗ ಹಾಕಿದರು. ಯುಗಾದಿ ಅಂದದ್ದು ಮಾತಿಗಲ್ಲ. 2023ರ ಹಬ್ಬ ಮಾರ್ಚ್ 22ಕ್ಕಿತ್ತು, 2024ರದು ಏಪ್ರಿಲ್ 9ಕ್ಕೇ. ಒಬ್ಬಟ್ಟು ಸುಡುವ ದಿನ ಯಾರಿಗೆ ಪ್ಲಗಿನ್ನಿನ ಚಿಂತೆ!

"ಹಾಗಾದ್ರೆ ಈಗ ಏನೂ ಇಲ್ವಾ?" ಭಾಮೈದನಿಗೆ ನಿರಾಸೆ.

"ಇದೆ ಅಣ್ಣಾ, ಬೇರೆ ಹೆಸರಲ್ಲಿ." 2024ರ ನವೆಂಬರಿನಲ್ಲಿ ಆಂತ್ರಾಪಿಕ್ ಎಂಬ ಇನ್ನೊಂದು ಎಐ ಕಂಪನಿಯವರು ಎಂಸಿಪಿ ಎಂಬ ಜೋಡಣೆಯ ಕ್ರಮ ಬಿಟ್ಟರಂತೆ. ಯಾವ ಚಾಟ್‌ಬಾಟಿಗೆ ಯಾವ ಮಾಹಿತಿ ಕಣಜವನ್ನಾದರೂ ಸಿಕ್ಕಿಸಬಹುದು. ಕೀವರ್ಡ್ ವ್ಯಾಪಾರದ ದೊಡ್ಡ ಕುಳಗಳಾದ ಏಚ್‌ರೆಫ್ಸ್, ಸೆಮ್‌ರಶ್ ಇಬ್ಬರೂ ಈಗ ಅದರ ಮೂಲಕ ಸಿಗುತ್ತಾರೆ. ಆದರೆ ಅವರ ಚಂದಾ ಬೇರೆ ಕಟ್ಟಬೇಕು. ತಿಂಗಳಿಗೆ ನೂರು ಡಾಲರಿನ ಮೇಲೆ. ಅಷ್ಟಕ್ಕೆ ಭಾಮೈದ ಎಷ್ಟು ಕುರ್ಚಿ ಬಾಡಿಗೆಗೆ ಕೊಡಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಮುಖದಲ್ಲಿ ಕಾಣಿಸಿತು.

"ಒಂದಕ್ಕೊಂದು ಏನು ವ್ಯತ್ಯಾಸ, ಅದನ್ನಾದ್ರೂ ಹೇಳಮ್ಮಾ" ಅಂದೆ.

ಅದಕ್ಕೆ ಅವಳು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಶಿವಾಜಿನಗರದ ಗುಜರಿಗೆ ಹೋಗಿ ಹಳೇ ಗಾಡಿಯ ಒಂದು ಪಾರ್ಟು ಕೇಳಿ. ಅಂಗಡಿಯವನು ಇಲ್ಲ ಅನ್ನುವುದಿಲ್ಲ. "ಬೈಠೋ ಸಾಬ್, ದೋ ಮಿನಿಟ್" ಅಂತ ಸ್ಟೂಲು ಕೊಟ್ಟು, ಟೀ ಹೇಳಿ, ಹುಡುಗನನ್ನು ಹಿಂದಿನ ಗಲ್ಲಿಗೆ ಓಡಿಸುತ್ತಾನೆ. ಪಾರ್ಟು ಬರುತ್ತದೆ. ಪಕ್ಕದ ಅಂಗಡಿಗೆ ಹೋಗಿ ಕೇಳಿದರೂ ಹುಡುಗ ಓಡುವುದು ಅದೇ ಗಲ್ಲಿಗೆ, ಅದೇ ಗೋದಾಮಿಗೆ. ವ್ಯತ್ಯಾಸ ಟೀಯಲ್ಲಿ, ಮಾತಿನಲ್ಲಿ, ಮೇಲೆ ಹಾಕಿದ ರೇಟಿನಲ್ಲಿ. ಕೀವರ್ಡ್ ಪ್ಲಗಿನ್ನುಗಳದ್ದೂ ಬಹುಪಾಲು ಇದೇ ಕಥೆ. ಯಾವ ಪದವನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅನ್ನುವುದರ ನಿಜವಾದ ಲೆಕ್ಕ ಇರುವುದು ಗೂಗಲಿನ ಹತ್ತಿರ. ಅವರು ಅದನ್ನು ಕೀವರ್ಡ್ ಪ್ಲಾನರಿನಲ್ಲಿ ತೋರಿಸುತ್ತಾರೆ, ಅದೂ ಜಾಹೀರಾತಿಗೆ ದುಡ್ಡು ಹಾಕುವವರಿಗೆ ಸ್ವಲ್ಪ ಬಿಚ್ಚಿ. ಉಳಿದವರಿಗೆ 2016ರಿಂದ, "ನೂರರಿಂದ ಸಾವಿರ", "ಸಾವಿರದಿಂದ ಹತ್ತು ಸಾವಿರ" ಅಂತ ಅಗಲವಾದ ಅಂದಾಜು. ಮಿಕ್ಕ ಕಂಪನಿಗಳು ಅದಕ್ಕೆ ಬೇರೆ ಕಡೆಯ ಮಾಹಿತಿ ಬೆರೆಸಿ ತಮ್ಮದೇ ಸೂತ್ರ ಹಾಕಿ ಒಂದು ಅಂಕಿ ಕೊಡುತ್ತವೆ. ಹಾಗಾಗಿ ಒಂದೇ ಪದಕ್ಕೆ ಎರಡು ಕಡೆ ಎರಡು ಲೆಕ್ಕ ಬಂದರೆ ಗಾಬರಿಯಾಗಬೇಕಿಲ್ಲ, ಎರಡೂ ಅಂದಾಜೇ.

"ಏನೂ ಹಚ್ಚದೆ ಬರೀ ಚಾಟ್‌ಬಾಟನ್ನ ಕೇಳಿದ್ರೆ?"

"ಕೇಳಿ ನೋಡಿ" ಅಂತ ಫೋನನ್ನೇ ಗೋಡೆ ಮೇಲಿಟ್ಟಳು. ಕೆ.ಆರ್. ಪುರದಲ್ಲಿ ಶಾಮಿಯಾನ ಬಾಡಿಗೆ ಅಂತ ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅಂದೆವು. ದುಂಡಗಿನ ಒಂದು ಸಂಖ್ಯೆ ಕೊಟ್ಟಿತು, ಜನಗಣತಿಯವರ ಗತ್ತಿನಲ್ಲಿ. ಹೊಸದಾಗಿ ಇನ್ನೊಮ್ಮೆ ಕೇಳಿದಾಗ ಸಂಖ್ಯೆ ಬೇರೆ, ಗತ್ತು ಅದೇ. ಪ್ಲಾನರಿನಲ್ಲಿ ಅದೇ ಮಾತನ್ನು ಕನ್ನಡ ಲಿಪಿಯಲ್ಲಿ ಕೊಟ್ಟರೆ ಒಂದು ಅಡ್ಡಗೆರೆ. ಲೆಕ್ಕಕ್ಕೆ ಸಿಗುವಷ್ಟು ಇಲ್ಲ ಅಂತ. ನನಗಂತೂ ಆ ಗೆರೆಯೇ ಮರ್ಯಾದಸ್ಥ ಅನ್ನಿಸಿತು.

ಆದರೆ ಚಾಟ್‌ಬಾಟನ್ನು ಪೂರ್ತಿ ತೆಗೆದುಹಾಕುವ ಹಾಗೂ ಇಲ್ಲ. ಎಣಿಸುವುದಕ್ಕೆ ಬಾರದಿದ್ದರೂ ಪದ ಹೆಕ್ಕುವುದರಲ್ಲಿ ಅದು ಗಟ್ಟಿ. "ಬೆಂಗಳೂರು ಪೂರ್ವದಲ್ಲಿ ಈ ಸಾಮಾನನ್ನು ಯಾರು ಯಾರು ಏನೇನು ಅಂತ ಕರೀತಾರೆ" ಅಂತ ಅವಳು ಕೇಳಿದಾಗ ಅದು ಉದ್ದ ಪಟ್ಟಿ ಕೊಟ್ಟಿತು. ಭಾಮೈದ ತಲೆದೂಗಿದ. ಅವನ ಅನುಭವವೂ ಅದೇ. ಶಿವಾಜಿನಗರದಿಂದ ಫೋನು ಬಂದರೆ ಶಾಮಿಯಾನ. ಹಲಸೂರಿನ ತಮಿಳರು ಪಂದಲ್ ಎನ್ನುತ್ತಾರೆ. ನಮ್ಮವರಿಗೆ ಪೆಂಡಾಲು, ಊರ ಕಡೆಯ ಹಿರಿಯರಾದರೆ ಚಪ್ಪರ. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನ ಉತ್ತರದವರು ಟೆಂಟ್ ಹೌಸ್ ಹುಡುಕುತ್ತಾರೆ. ಇಂದಿರಾನಗರದ ಹುಡುಗರಿಗೆ ಅದು ಕ್ಯಾನಪಿ. ಬಟ್ಟೆ ಅದೇ, ಬಾಡಿಗೆ ಒಂದೂವರೆ ಪಟ್ಟು. (ಇದನ್ನು ಭಾಮೈದ ಹೇಳಲಿಲ್ಲ, ನಾನು ಕಂಡುಕೊಂಡದ್ದು.)

ಇದಕ್ಕೆ ಸ್ಪೆಲ್ಲಿಂಗು ಸೇರಿಸಿ. ಶಾಮಿಯಾನಕ್ಕೆ ಇಂಗ್ಲಿಷಿನಲ್ಲಿ ಬರೀ ಎಸ್ ಹಾಕುವವರು, ಎಸ್‌ಎಚ್ ಹಾಕುವವರು, ನಡುವೆ ವೈ ತೂರಿಸುವವರು. ಅದರ ಮೇಲೆ ಊರಿನ ಹೆಸರು. ರೈಲ್ವೆಯವರ ಬೋರ್ಡಿನಲ್ಲಿ ಕೃಷ್ಣರಾಜಪುರಂ, ಮೆಟ್ರೊ ಬೋರ್ಡಿನಲ್ಲಿ ಕೃಷ್ಣರಾಜಪುರ, ಜನರ ಬಾಯಲ್ಲಿ ಕೆ.ಆರ್. ಪುರಂ. 2011ರ ಅಕ್ಟೋಬರ್ 20ರಂದು ಮೊದಲ ಮೆಟ್ರೊ ಬಂದಾಗ ಸ್ಟೇಷನ್ನಿಗೆ ಹಲಸೂರು ಅಂತ ಅಚ್ಚುಕಟ್ಟಾಗಿ ಬರೆದರು. ಬೆರಳುಗಳು ಇನ್ನೂ ಅಲ್ಸೂರು ಅಂತಲೇ ಒತ್ತುತ್ತವೆ. ಗೂಗಲಿನವರು 2017ರ ಆಗಸ್ಟಿನಿಂದ ಕನ್ನಡದಲ್ಲಿ ಮಾತಾಡಿ ಹುಡುಕುವ ಅನುಕೂಲ ಬೇರೆ ಕೊಟ್ಟಿದ್ದಾರೆ. ಎಲ್ಲವೂ ಒಂದೇ ಪೆಂಡಾಲು, ಆದರೆ ಲೆಕ್ಕ ಹಂಚಿಹೋಗಿ ಯಾವುದಕ್ಕೂ ದೊಡ್ಡ ಅಂಕಿ ಬರುವುದಿಲ್ಲ. ದಿನದ ಹುಡುಕಾಟದಲ್ಲಿ ಶೇ 15ರಷ್ಟು ತಾವು ಹಿಂದೆ ಕಂಡೇ ಇಲ್ಲದವು ಅಂತ ಗೂಗಲಿನವರೇ ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಅಂಥವನ್ನು ಯಾವ ಪ್ಲಗಿನ್ನಿನ ಪಟ್ಟಿ ಮೊದಲೇ ಕೊಟ್ಟೀತು?

ಇಷ್ಟು ಹೊತ್ತಿಗೆ ನನ್ನ ಹೆಂಡತಿ ಕಾಫಿ ತಂದು ಗೋಡೆ ಮೇಲಿಟ್ಟಳು. ನಿಂತು ಕೇಳಿ, "ಆಷಾಢದಲ್ಲಿ ಯಾವನು ಪೆಂಡಾಲು ಹುಡುಕ್ತಾನೆ?" ಅಂದಳು. ಸೊಸೆ ಕಣ್ಣರಳಿಸಿ, "ಆಂಟಿ, ನಮ್ಮ ಆಫೀಸಿಗೆ ಬಂದ್ಬಿಡಿ" ಎಂದಳು. ಈ ಸಾಧನಗಳು ಮುಖ್ಯವಾಗಿ ತೋರಿಸುವುದು ಹನ್ನೆರಡು ತಿಂಗಳ ಸರಾಸರಿಯಂತೆ. ಶಾಮಿಯಾನದವನಿಗೆ ಸರಾಸರಿ ತಿಂಗಳು ಅಂತ ಒಂದಿಲ್ಲ. ಆಷಾಢದಲ್ಲಿ ಗೋಣಿಚೀಲ ಹೊದ್ದು ಮಲಗಿದ ಕಂಬಗಳು ಗಣೇಶನ ಹಬ್ಬಕ್ಕೆ ಒಂದೂ ಉಳಿಯುವುದಿಲ್ಲ. ಅದೇ ಸುಮಾರಿಗೆ, ಸೆಪ್ಟೆಂಬರ್ 8ಕ್ಕೆ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬ. ನವೆಂಬರಿನಲ್ಲಿ ಬೀದಿಗೊಂದು ರಾಜ್ಯೋತ್ಸವ, ಡಿಸೆಂಬರ್ ಮುಗಿಯುವವರೆಗೂ ನಿಲ್ಲದ ರಾಜ್ಯೋತ್ಸವ. ಇದರ ಏರಿಳಿತ ನೋಡಬೇಕಾದರೆ ಗೂಗಲ್ ಟ್ರೆಂಡ್ಸ್ ಸಾಕು. ಅದು ಎಷ್ಟು ಜನ ಅಂತ ಹೇಳುವುದಿಲ್ಲ, ಸೊನ್ನೆಯಿಂದ ನೂರರ ಅಳತೆಯಲ್ಲಿ ಯಾವಾಗ ಜಾಸ್ತಿ, ಯಾವಾಗ ಕಮ್ಮಿ ಅನ್ನುವುದನ್ನು ಹೇಳುತ್ತದೆ. ದುಡ್ಡಿಲ್ಲ. ಪಂಚಾಂಗವೂ ಹತ್ತಿರ ಇದ್ದರೆ ಒಳ್ಳೆಯದು, ಯಾಕೆಂದರೆ ಅಧಿಕ ಮಾಸ ಬಂದ ವರ್ಷ ಹೋದ ವರ್ಷದ ತಾರೀಖು ನಂಬಿದವನು ಕೆಟ್ಟ.

"ಮೇಡಂ, ಒಟ್ಟಲ್ಲಿ ಬೆಳ್ಳಿ ತಗೊಳ್ಳೋದಾ ಚಿನ್ನ ತಗೊಳ್ಳೋದಾ?"

"ಯಾವ್ದೂ ಬೇಡಣ್ಣ. ನಿಮ್ಮ ಅಂಗಡಿ ಮ್ಯಾಪಲ್ಲಿದ್ಯಲ್ಲ, ಆ ಬಿಸಿನೆಸ್ ಪ್ರೊಫೈಲು ತೆಗೀರಿ."

ಹತ್ತಿರದ ಅಂಗಡಿ ಹುಡುಕುವವರಿಗೆ ಗೂಗಲು ನೋಡುವುದು ಮೂರು ಸಂಗತಿ: ಕೇಳಿದ್ದಕ್ಕೂ ಅಂಗಡಿಗೂ ಹೊಂದಿಕೆ, ದೂರ, ಹೆಸರುವಾಸಿ. ಇದನ್ನು ಅವರೇ ಬರೆದು ಹೇಳಿದ್ದಾರೆ. ಅಂಗಡಿಯ ಹೆಸರಿನೊಳಗೇ ಹತ್ತು ಕೀವರ್ಡು ತುರುಕಿದರೆ ಮೇಲೆ ಬರಬಹುದು ಅನ್ನುವವರಿದ್ದಾರೆ, ಅದು ಗೂಗಲಿನ ನಿಯಮಕ್ಕೆ ವಿರುದ್ಧ; ಯಾರಾದರೂ ದೂರು ಕೊಟ್ಟರೆ ಪ್ರೊಫೈಲಿಗೇ ಕುತ್ತು. ಅವಳು ತೆಗೆಸಿದ್ದು ಬೇರೆ ಜಾಗ. ಜನ ಏನಂತ ಹುಡುಕಿದಾಗ ಈ ಅಂಗಡಿ ಕಾಣಿಸಿತು ಅನ್ನುವ ಪಟ್ಟಿ ಆ ಪ್ರೊಫೈಲಿನ ಒಳಗೇ ಇರುತ್ತದೆ, ಪುಕ್ಕಟೆಯಾಗಿ. ಯಾರೋ ಊಹಿಸಿದ್ದಲ್ಲ, ಅವನ ಅಂಗಡಿಯ ಮುಂದೆಯೇ ಹಾದುಹೋದವರ ಮಾತು. ವಜ್ರದ ಪ್ಯಾಕೇಜಿನಲ್ಲೂ ಅದು ಇರಲಿಲ್ಲ.

ಭಾಮೈದ ಕನ್ನಡಕ ಏರಿಸಿ ಬೆರಳಾಡಿಸಿದ. ಟೆಂಟ್ ಹೌಸ್, ಪೆಂಡಾಲು, ಕುರ್ಚಿ ಬಾಡಿಗೆ ಎಲ್ಲ ಇತ್ತು. ಅದರ ಕೆಳಗೆ ಇನ್ನೊಂದು. ಅವನು ಓದಲಿಲ್ಲ, ಫೋನನ್ನು ನನ್ನ ಕಡೆ ತಿರುಗಿಸಿದ. ಫ್ರೀಜರ್ ಬಾಕ್ಸ್.

ಸಾವಿನ ಮನೆಗೆ, ದೂರದಿಂದ ಮಕ್ಕಳು ಬರುವವರೆಗೆ ದೇಹ ಇಡುವ ಗಾಜಿನ ಪೆಟ್ಟಿಗೆ. ಅವನ ಹತ್ತಿರ ಎರಡಿವೆ. ಬೋರ್ಡಿನಲ್ಲಿಲ್ಲ, ವಿಸಿಟಿಂಗ್ ಕಾರ್ಡಿನಲ್ಲಿಲ್ಲ. ಗೊತ್ತಿದ್ದವರು ಗೊತ್ತಿದ್ದವರಿಗೆ ಹೇಳಿ ರಾತ್ರಿ ಹೊತ್ತು ಫೋನು ಬರುತ್ತದೆ, ಇವನು ಯಾವ ಹೊತ್ತಾದರೂ ಎದ್ದು ಹೋಗುತ್ತಾನೆ.

"ಅಣ್ಣಾ, ಇದಕ್ಕೊಂದು ಪುಟ ಮಾಡಿದ್ರೆ ನೀವೇ ಮೊದಲು ಬರ್ತೀರ. ಹುಡುಕೋರಿಗೂ ಪಾಪ, ಆ ಹೊತ್ತಲ್ಲಿ ಬೇಗ ಸಿಕ್ಕಿದ್ರೆ ಸಾಕಾಗಿರತ್ತೆ."

"ಮೇಡಂ, ಮದ್ವೆಗೆ ಅಂತ ನೋಡೋಕೆ ಬಂದವರು ಅದನ್ನ ನೋಡಿದ್ರೆ ಅಡ್ವಾನ್ಸ್ ಕೊಡ್ತಾರಾ?"

"ಬೇರೆ ಹೆಸರಲ್ಲಿ, ಬೇರೆ ನಂಬರಲ್ಲಿ ಮಾಡಿ."

"ಗಾಡಿ ಒಂದೇ ಅಲ್ವಾ ಮೇಡಂ? ಅದರ ಮೇಲೆ ಶುಭವಿವಾಹ ಅಂತ ಬರೆಸಿದೀನಿ."

ನನ್ನ ಹೆಂಡತಿ ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ, "ಆ ಪೇಂಟು ಮೊದಲು ಅಳಿಸ್ಕೊಂಡು ಬಾರೋ, ಆಮೇಲೆ ಗೂಗಲ್ಲು" ಅಂದಳು. ಅವನು ಪಾಂಪ್ಲೆಟ್ಟಿನ ಹಿಂಬದಿಯಲ್ಲಿ ಪೇಂಟರಿನ ನಂಬರು ಬರೆದುಕೊಂಡ.