ದಿನಕ್ಕೆ 27 ಗ್ರಾಂ ಜಿಡ್ಡು

2025ರ ನವೆಂಬರಿನಲ್ಲಿ ನಂದಿನಿ ತುಪ್ಪ ಲೀಟರಿಗೆ 700 ರೂಪಾಯಿ ಆಯಿತೆಂದು ಓದಿ ಇಡೀ ರಾಜ್ಯದಲ್ಲಿ ಖುಷಿಪಟ್ಟ ಗ್ರಾಹಕ ನಾನೊಬ್ಬನೇ ಇರಬೇಕು. ತುಪ್ಪ ಕಮ್ಮಿ ಮಾಡಿ ಎಂದು ಮದುವೆಯಾದಾಗಿನಿಂದ ಮನೆಯಲ್ಲಿ ಬಡಕೊಳ್ಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಈಗ ನಂದಿನಿಯ ಕೆಎಂಎಫೇ ನನ್ನ ಪರ ನಿಂತಿದೆ ಎಂದುಕೊಂಡು ಪೇಪರ್ ಹಿಡಿದು ಅಡುಗೆಮನೆ ಬಾಗಿಲಿಗೆ ಹೋದೆ.

"ರೀ, ಸೆಪ್ಟೆಂಬರಲ್ಲಿ ಜಿಎಸ್‌ಟಿ ಇಳಿದು 610 ಆದಾಗಲೇ ನಾಲ್ಕು ಲೀಟರ್ ತಂದಿಡಿ ಅಂದಿದ್ದೆ. ತಂದ್ರಾ?" ಎಂದಳು ಹೆಂಡತಿ, ತಿರುಗಿಯೂ ನೋಡದೆ. ತುಪ್ಪ ಬಿಡಲು ಕಾರಣವಾಗಬೇಕಿದ್ದ ಸುದ್ದಿ, ನಾನು ಯಾವ ಕೆಲಸಕ್ಕೂ ಬಾರದವನೆಂಬುದಕ್ಕೆ ಪುರಾವೆಯಾಗಿ ನನಗೇ ವಾಪಸ್ ಬಂತು.

ನಾವಿರುವುದು ತುಮಕೂರಿನಲ್ಲಿ. ಪಶ್ಚಿಮಕ್ಕೆ ಗುಬ್ಬಿ, ಅಲ್ಲಿ ಅಮ್ಮ. ದಕ್ಷಿಣಕ್ಕೆ ಕುಣಿಗಲ್, ಅಲ್ಲಿ ಮಾವನ ಮನೆ. ಆ ಕಡೆಯಿಂದ ತುಪ್ಪ ಬರುತ್ತದೆ, ಈ ಕಡೆಯಿಂದ ಕುರಿಯ ನೆಣ ಬರುತ್ತದೆ. ನಡುವೆ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟನ್ನು ಕನ್ನಡಕ ಏರಿಸಿ ಓದುತ್ತ ನಿಂತಿರುವವನು ನಾನು. ಬ್ಯಾಂಕಿನಲ್ಲಿ ಕೆಲಸ, ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹಾಗಾಗಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, 2000 ಕ್ಯಾಲೊರಿಯ ಊಟಕ್ಕೆ ಎಣ್ಣೆ ತುಪ್ಪ ಎಲ್ಲ ಸೇರಿ ದಿನಕ್ಕೆ 27 ಗ್ರಾಂ ಎಂದಿರುವುದನ್ನು ಓದಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಸುಮಾರು 25 ಅಲ್ಲ, ಹೆಚ್ಚುಕಮ್ಮಿ 30 ಅಲ್ಲ. 27! ಮರುದಿನವೇ ಒಂದು ಡಿಜಿಟಲ್ ತಕ್ಕಡಿ ತಂದೆ.

ನಮ್ಮ ಮನೆಯಲ್ಲಿ ಮೂರು ಜನ. ದಿನಕ್ಕೆ 81 ಗ್ರಾಂ. ಬೆಳಿಗ್ಗೆಯೇ ಬಟ್ಟಲಲ್ಲಿ ತೂಗಿಟ್ಟು ಆಫೀಸಿಗೆ ಹೊರಡುತ್ತಿದ್ದೆ. ಸಂಜೆ ಬಂದರೆ ಬಟ್ಟಲು ಹಾಗೇ ತುಂಬಿರುತ್ತಿತ್ತು, ಪಲ್ಯ ಮಾತ್ರ ಮಿರಮಿರ ಮಿಂಚುತ್ತಿತ್ತು. ಹೆಂಡತಿ ಎಣ್ಣೆ ಹಾಕುವುದು ಮಣಿಕಟ್ಟಿನ ಅಂದಾಜಿನಲ್ಲಿ, ಡಬ್ಬಿಯಿಂದ ನೇರ ಬಾಣಲೆಗೆ. ಬಟ್ಟಲಿನ ಎಣ್ಣೆ ಏನಾಯಿತು ಎಂದರೆ, "ಅದು ನಿಮ್ಮ ಲೆಕ್ಕದ ಎಣ್ಣೆ ಅಲ್ವಾ, ಮುಟ್ಟಲಿಲ್ಲ" ಎನ್ನುತ್ತಿದ್ದಳು. ಆ ವಾರ ಬಂದಿದ್ದ ಅತ್ತೆ, ನಾನು ತಕ್ಕಡಿಯ ಮುಂದೆ ಬಗ್ಗಿ ನಿಂತದ್ದನ್ನು ನೋಡಿ ಮಗಳ ಕಿವಿಯಲ್ಲಿ ಕೇಳಿದರು: "ಅಳಿಯಂದ್ರು ಚಿನ್ನ ಏನಾರ ತಂದವ್ರಾ?"

ಆಲಿವ್ ಎಣ್ಣೆಯ ಅಧ್ಯಾಯ ಚಿಕ್ಕದು. ಅದರಲ್ಲಿ ಉಪ್ಪಿಟ್ಟು ಮಾಡಿಸಿದೆ. ಮಗಳು ಒಂದು ತುತ್ತು ತಿಂದು, "ಅಪ್ಪಾ, ಇದಕ್ಕೆ ಔಷಧಿ ಹಾಕಿದೀರಾ?" ಎಂದಳು. ಸೀಸೆ ಈಗ ಬಚ್ಚಲುಮನೆಯ ಗೂಡಿನಲ್ಲಿದೆ, ಚಳಿಗಾಲದಲ್ಲಿ ಮೊಣಕೈಗೆ ಬರುತ್ತದೆ. ಏರ್‌ಫ್ರೈಯರಿನದು ಇನ್ನೂ ಚಿಕ್ಕದು. ಅದರಲ್ಲಿ ಬೆಂದು ಬಂದ ಕೋಡುಬಳೆಯನ್ನು ಅಮ್ಮ ಬಾಯಿಗೆ ಹಾಕಿಕೊಳ್ಳಲಿಲ್ಲ. ಬೆರಳಿಗೆ ಸಿಕ್ಕಿಸಿ, ತಿರುಗಿಸಿ ನೋಡಿ, ತಟ್ಟೆಗೆ ವಾಪಸ್ ಇಟ್ಟಳು.

ಅಮ್ಮನ ವಿಷಯಕ್ಕೆ ಬಂದರೆ ನನ್ನ ಸಿದ್ಧಾಂತವೇ ಬೇರೆ. ಪೇಟೆಯ ತುಪ್ಪ ಬೇಡ, ಹಳ್ಳಿಯ ತುಪ್ಪವಾದರೆ ಸ್ವಲ್ಪ ಪರವಾಗಿಲ್ಲ. ಯಾಕೆಂದರೆ ಅದರಲ್ಲಿ ಕಡಗೋಲಿದೆ, ಸಂಸ್ಕೃತಿಯಿದೆ. ಗುಬ್ಬಿ ಚನ್ನಬಸವೇಶ್ವರನ ಜಾತ್ರೆಯಲ್ಲಿ ಚಂದದ ಮರದ ಕಡಗೋಲೊಂದನ್ನು ಕೊಂಡು ಅಮ್ಮನಿಗೆ ಕೊಟ್ಟೆ. ಮುಂದಿನ ಸಲ ಹೋದಾಗ ಅದು ಗೋಡೆಯ ಮೊಳೆಯಲ್ಲಿ ಕ್ಯಾಲೆಂಡರಿನ ಪಕ್ಕ ನೇತಾಡುತ್ತಿತ್ತು. ಅಡುಗೆಮನೆಯಿಂದ ಮಿಕ್ಸಿಯ ಸದ್ದು. ಡೇರಿಗೆ ಹಾಕಿ ಮಿಕ್ಕ ಹಾಲಿನ ಕೆನೆಮೊಸರನ್ನು ಜಾರಿಗೆ ಸುರಿದು, ಎರಡು ತುಂಡು ಐಸ್ ಹಾಕಿ, ಟರ್ ಟರ್ ಎಂದು ಬಿಟ್ಟು ಬಿಟ್ಟು ತಿರುಗಿಸುತ್ತಿದ್ದಳು. ಬೆಣ್ಣೆ ಉಂಡೆಗಟ್ಟಿ ಮೇಲೆ ಬಂತು. ನನ್ನ ಮುಖ ನೋಡಿ, "ಕಡೆಯೋ ಹಂಗಿದ್ರೆ ನೀನೇ ಬಂದು ಕಡಿ, ನನ್ನ ರಟ್ಟೇಲಿ ಆಗಲ್ಲ ಕಣಪ್ಪ" ಎಂದಳು. ಸಂಸ್ಕೃತಿ ನನಗೆ ಬೇಕಿತ್ತು, ರಟ್ಟೆ ಮಾತ್ರ ಅಮ್ಮನದಾಗಬೇಕಿತ್ತು.

ಆದರೆ ಬೆಣ್ಣೆ ಕಾಯಿಸುವಾಗ ಅವಳನ್ನು ನೋಡಬೇಕು. ನೋಡಬೇಕು ಅನ್ನುವುದಕ್ಕಿಂತ, ಅವಳು ನೋಡದೇ ಇರುವುದನ್ನು ನೋಡಬೇಕು. ಬೆಣ್ಣೆ ಕರಗಿ ಬಿಳಿ ನೊರೆ ಏಳುತ್ತದೆ, ಒಳಗಿನ ನೀರಿನಂಶ ಆರುವವರೆಗೂ ಚಟಪಟ ಸದ್ದು. ಅಮ್ಮ ಕೂತು ಧಾರಾವಾಹಿ ನೋಡುತ್ತಿರುತ್ತಾಳೆ. ಕಿವಿ ಮಾತ್ರ ಒಲೆಯ ಕಡೆ. ಸದ್ದು ಅಡಗಿತೆಂದರೆ, ಅತ್ತೆ ಸೊಸೆಯ ಜಗಳ ಯಾವ ಹಂತದಲ್ಲೇ ಇರಲಿ, ಎದ್ದು ಬರುತ್ತಾಳೆ. ನೊರೆಯನ್ನು ಸೌಟಿನಿಂದ ಸರಿಸಿ ತಳದ ಗಸಿ ಕೆಂಪಗಾಗಿದೆಯೇ ಎಂದು ಇಣುಕಿ, ಒಂದು ವೀಳ್ಯದೆಲೆ ಹಾಕಿ ಒಲೆ ಆರಿಸುತ್ತಾಳೆ. ಎಲೆ ಚುರ್ರೆಂದು ಮುದುಡಿ ಗರಿಗರಿಯಾಗುತ್ತದೆ. ಆ ಎಲೆಯೂ ನನಗೇ, ಗಸಿಯೂ ನನಗೇ. ಗಸಿಗೆ ಬಿಸಿ ಅನ್ನ ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಪಾತ್ರೆಯಲ್ಲೇ ಬಳಿದು ತಿನ್ನುತ್ತೇನೆ. ಗಸಿ ಎಂದರೆ ತುಪ್ಪವಲ್ಲ, ತುಪ್ಪ ಬೇಡವೆಂದು ಬಿಟ್ಟದ್ದು. ಹಾಗಾಗಿ ಅದು 27 ಗ್ರಾಮಿನ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ವಾದ. ಇದನ್ನು ಮಾರ್ಗಸೂಚಿಯಲ್ಲಿ ಎಲ್ಲೂ ನಿರಾಕರಿಸಿಲ್ಲ.

ಈಚೆಗೆ ಎ2 ತುಪ್ಪದ ಹುಚ್ಚೊಂದು ಬಂದಿದೆಯಲ್ಲ, ನಂದಿನಿಯ ಎರಡು ಮೂರು ಪಟ್ಟು ಬೆಲೆ ಹಾಕಿ ಗಾಜಿನ ಭರಣಿಯಲ್ಲಿ ಮಾರುತ್ತಾರೆ. ಎ1, ಎ2 ಎನ್ನುವ ವ್ಯತ್ಯಾಸ ಇರುವುದು ಹಾಲಿನ ಪ್ರೋಟೀನಿನಲ್ಲಿ. ತುಪ್ಪ ಕಾಯುವ ಹೊತ್ತಿಗೆ ಪ್ರೋಟೀನು ಗಸಿಯಾಗಿ ತಳ ಸೇರಿರುತ್ತದೆ, ಅಂದರೆ ನನ್ನ ಹೊಟ್ಟೆ ಸೇರಿರುತ್ತದೆ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಎ1, ಎ2 ಬರಹವನ್ನೆಲ್ಲ ಪ್ಯಾಕೆಟ್ಟಿನ ಮೇಲಿಂದ ತೆಗೆಯಿರಿ ಎಂದಿತು, ವಾರ ಕಳೆಯುವುದರೊಳಗೆ ಆ ಸೂಚನೆಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಆ ಗೊಂದಲದಲ್ಲಿ ನಾನೂ ಅಮ್ಮನಿಗೆ ಫೋನ್ ಮಾಡಿ ಕೇಳಿದೆ, "ಅಮ್ಮಾ, ನಮ್ಮ ಹಸು ಎ2ನಾ?"

"ಸೀಮೆಹಸು ಕಣೋ. ಹೆಸರು ಗೌರಿ."

ಅದರ ಮುಂದಿನ ತಿಂಗಳೇ ತಿರುಪತಿ ಲಡ್ಡಿನ ತುಪ್ಪದಲ್ಲಿ ಕಲಬೆರಕೆಯೆಂಬ ಗಲಾಟೆ ಎದ್ದು, ಮುಜರಾಯಿ ದೇವಸ್ಥಾನಗಳಲ್ಲೆಲ್ಲ ನಂದಿನಿ ತುಪ್ಪವನ್ನೇ ಬಳಸಬೇಕೆಂದು ಸರ್ಕಾರ ಸುತ್ತೋಲೆ ಹೊರಡಿಸಿತು. ಅಮ್ಮ ನಿಟ್ಟುಸಿರುಬಿಟ್ಟಳು: "ಪಾಪ, ದೇವರಿಗೂ ಪ್ಯಾಕೆಟ್ ತುಪ್ಪವೇ ಗತಿಯಾಯ್ತಲ್ಲೋ."

ಇದೇ ಅಮ್ಮನ ಅಟ್ಟದ ಮೇಲೆ ಹಳೆಯ ಡಾಲ್ಡಾ ಡಬ್ಬಿಯೊಂದಿದೆ. ಹಳದಿ ಬಣ್ಣ, ಹಸಿರು ಮರ; ಈಗ ಅದರಲ್ಲಿ ಅವರೆ ಬೀಜ. ಲಿವರ್ ಕಂಪನಿಯವರು 1937ರಲ್ಲಿ ಡಾಲ್ಡಾ ವನಸ್ಪತಿ ತಂದದ್ದು. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ತುಪ್ಪದ ಹಾಗೆ ಗಟ್ಟಿ ಮಾಡುವ ವಿದ್ಯೆ. ನನ್ನ ಅಪ್ಪನ ಕಾಲಕ್ಕೆ ಅದೇ ಆಧುನಿಕ. ಮದುವೆ ಮನೆಯಲ್ಲಿ ಲಡ್ಡು ತಿಂದವರು ನಾಲಗೆಯನ್ನು ಅಂಗುಳಕ್ಕೆ ಒಮ್ಮೆ ಒತ್ತಿ ತೀರ್ಪು ಕೊಡುತ್ತಿದ್ದರು. ತುಪ್ಪ ಬಾಯಿಯ ಬಿಸಿಗೆ ಕರಗುತ್ತದೆ, ವನಸ್ಪತಿ ಅಷ್ಟು ಬೇಗ ಕರಗದೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಬೀಗರ ಮರ್ಯಾದೆ ಹೋಗಲು ಅಷ್ಟು ಸಾಕಿತ್ತು. ಆ ಮೇಲೆ ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಗೊತ್ತಾಗಿ, 2022ರ ಜನವರಿಯಿಂದ ಅದು ಶೇಕಡಾ 2ಕ್ಕಿಂತ ಹೆಚ್ಚಿರಬಾರದೆಂದು ಕಾನೂನಾಯಿತು. ಅಪ್ಪನ ಆಧುನಿಕತೆ ಹೀಗೆ ಅಟ್ಟ ಸೇರಿದ್ದನ್ನು ನೋಡಿಯೂ ನನ್ನ ಪ್ಯಾಕೆಟ್ಟಿನ ಮೇಲೆ ನನಗಿರುವ ನಂಬಿಕೆ ಚೂರೂ ಅಲುಗಿಲ್ಲ.

ವನಸ್ಪತಿಗೆ ಶೇಕಡಾ 5ರಷ್ಟು ಎಳ್ಳೆಣ್ಣೆ ಬೆರೆಸಲೇಬೇಕೆಂಬ ನಿಯಮವೊಂದಿತ್ತು. ರುಚಿಗಲ್ಲ, ಕಳ್ಳನನ್ನು ಹಿಡಿಯಲು. ತುಪ್ಪಕ್ಕೆ ಯಾರಾದರೂ ವನಸ್ಪತಿ ಬೆರೆಸಿದ್ದರೆ, ಹೈಡ್ರೋಕ್ಲೋರಿಕ್ ಆಮ್ಲವನ್ನೂ ಸಕ್ಕರೆಯನ್ನೂ ಹಾಕಿ ಕುಲುಕಿದಾಗ ಆ ಎಳ್ಳೆಣ್ಣೆ ಕೆಂಪು ಬಣ್ಣ ಕೊಟ್ಟು ಗುಟ್ಟು ಬಿಡುತ್ತದೆ. ನಂದಿನಿ ಬೆಲೆ ಏರಿದ ಅದೇ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ನಕಲಿ ನಂದಿನಿ ತುಪ್ಪದ ಜಾಲವೊಂದನ್ನು ಹಿಡಿದಾಗ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ನಾನು ಓದಿದ್ದು ಬಿಕಾಂ. ಬಚ್ಚಲುಮನೆಯಿಂದ ಆಸಿಡ್ ಬಾಟಲಿ ಹಿಡಿದು ಹೊರಬರುತ್ತಿದ್ದಂತೆ ಹೆಂಡತಿ ಅಡ್ಡ ನಿಂತಳು. "ಅದನ್ನ ಒಲೆ ಹತ್ರ ತಂದ್ರೆ, ತುಪ್ಪ ಗುಬ್ಬಿಯಿಂದ ಬರುತ್ತೆ, ನೀವು ಗುಬ್ಬಿಗೆ ಹೋಗ್ತೀರ." ಪ್ರಯೋಗ ಅಲ್ಲಿಗೆ ಮುಗಿಯಿತು.

ಕುಣಿಗಲ್ ಕಡೆ ಈ ಯಾವ ತಲೆಬಿಸಿಯೂ ಇಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕು. ವರ್ಷವೆಲ್ಲ ಚೀಟಿ ಕಟ್ಟಿದ ದುಡ್ಡಲ್ಲಿ ಊರವರು ಸೇರಿ ಕುರಿ ತಂದು, ಬಾಳೆಲೆಯ ಮೇಲೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಪ್ರತಿ ಗುಡ್ಡೆಗೂ ಒಂದಿಷ್ಟು ಮೂಳೆ, ಒಂದಿಷ್ಟು ಈಲಿ, ಒಂದು ಹಿಡಿ ನೆಣ. ಅತ್ತೆ ಆ ದಿನ ಎಣ್ಣೆ ಡಬ್ಬಿ ಮುಟ್ಟುವುದಿಲ್ಲ. ಕಾದ ಪಾತ್ರೆಗೆ ನೆಣದ ಚೂರು ಹಾಕುತ್ತಾರೆ. ಬೆಳ್ಳಗಿದ್ದದ್ದು ಅಂಚಿನಿಂದ ಗಾಜಿನ ಹಾಗೆ ತಿಳಿಯಾಗುತ್ತ ಬಂದು, ಜಿಡ್ಡು ಬಿಟ್ಟು, ಕೊನೆಗೆ ಕಂದು ಚಕ್ಕೆಗಳಾಗಿ ಸಿಡಿಯತೊಡಗುತ್ತದೆ. ಅದೇ ಜಿಡ್ಡಿಗೆ ಈರುಳ್ಳಿ, ಅದರ ಮೇಲೆ ಬಾಡು. ಚಕ್ಕೆಗಳನ್ನು ಮಾತ್ರ ಎತ್ತಿ ಉಪ್ಪು ಉದುರಿಸಿ ಮಕ್ಕಳ ಕೈಗೆ ಕೊಡುತ್ತಾರೆ. ಆ ಸಾಲಿನಲ್ಲಿ ಐವತ್ತು ದಾಟಿದ ಮಗು ನಾನೊಬ್ಬನೇ.

ತಿಂದ ಮೇಲೆ ಉಪದೇಶ ಮಾಡುವುದು ನನ್ನ ಪದ್ಧತಿ. "ಮಾವ, ಪ್ರಾಣಿಗಳ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಅಂಶ ಜಾಸ್ತಿ, ಗಿಡದ ಎಣ್ಣೆ ಒಳ್ಳೇದು" ಎಂದೆ.

"ಎಷ್ಟು ಐತೆ?"

"ನೆಣದಲ್ಲಿ ಸುಮಾರು ಅರ್ಧ. ತುಪ್ಪದಲ್ಲಿ ಇನ್ನೂ ಸ್ವಲ್ಪ ಹೆಚ್ಚು."

"ಕೊಬ್ಬರಿ ಎಣ್ಣೇಲಿ?"

ಶೇಕಡಾ 90ರ ಹತ್ತಿರ. ಓದಿ ತಿಳಿದದ್ದೇ. ಆದರೆ ಮಾವನಿಗಿರುವುದು ಎರಡು ಎಕರೆ ತೆಂಗಿನ ತೋಟ, ನಮ್ಮದು ತಿಪಟೂರು ಕೊಬ್ಬರಿಯ ಜಿಲ್ಲೆ, ಕೂತಿದ್ದದ್ದು ತೆಂಗಿನ ಗರಿಯ ಚಪ್ಪರದ ಕೆಳಗೆ. "ಅದು ನೋಡಬೇಕು ಮಾವ" ಎಂದು ಮಜ್ಜಿಗೆ ಕೇಳಿದೆ.

ಮೊನ್ನೆ ಮಾವನ ಫೋನು. ಯುಗಾದಿಗೆ ಎರಡು ದಿನ ಮುಂಚೆಯೇ ಬನ್ನಿ ಎಂದರು. ಯಾಕೆಂದು ಕೇಳಿದೆ. "ಹೋದ ಸಲ ನಮ್ ಗುಡ್ಡೇಲಿ ನೆಣ ಕಮ್ಮಿ ಬಿತ್ತು ಅಂತ ಎರಡು ಮನೆಯೋರು ಮಾತು ಬಿಟ್ಟವ್ರೆ ಅಳಿಯಂದ್ರೆ. ಕಣ್ಣಂದಾಜು ಇನ್ನು ಬ್ಯಾಡ ಅಂತ ಊರೋರೆಲ್ಲ ತೀರ್ಮಾನ ಮಾಡವ್ರೆ. ನಿಮ್ಮತ್ರ ಒಂದು ತಕ್ಕಡಿ ಐತಂತಲ್ಲ?"

ಬ್ಯಾಟರಿ ಬದಲಿಸಿ ತಕ್ಕಡಿಯನ್ನು ಬ್ಯಾಗಿಗೆ ಹಾಕಿದ್ದೇನೆ. ಬಿಡಿ ಬ್ಯಾಟರಿಯೂ ಇದೆ, ಒಂದು ರಶೀದಿ ಪುಸ್ತಕವೂ ಇದೆ. ನೆಣ ತೂಗುವವನಿಗೆ ಒಂದು ಗುಡ್ಡೆ ಪುಕ್ಕಟೆಯಂತೆ.