ಕಾರಿನಡಿಯ ಕಾಲುಗಳು

ಹಳೆಯ ಕಾರನ್ನು ಮನೆಯಲ್ಲೇ ರಿಪೇರಿ ಮಾಡುವವರನ್ನು ಬೀದಿಯವರು ಕಾಲಿನಿಂದ ಗುರುತಿಸುತ್ತಾರೆ. ಭಾನುವಾರ ಬೆಳಗ್ಗೆ ಏಳರಿಂದ ಊಟದ ಹೊತ್ತಿನವರೆಗೆ ಕಾರಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿಕೊಂಡಿರುತ್ತವೆ. ಒಂದರಲ್ಲಿ ಹವಾಯಿ ಚಪ್ಪಲಿ. ಅದರ ಜೋಡಿ, ಕಾರು ಉರುಳದಿರಲೆಂದು, ಚಕ್ರದ ಅಡಿಯಲ್ಲಿ. ಉಳಿದ ಭಾಗವನ್ನು ಕಂಡವರು ಕಡಿಮೆ. ಪತ್ನಿ ಕಾಫಿ ಲೋಟವನ್ನು ಮೊಣಕಾಲಿನ ಪಕ್ಕದಲ್ಲಿಟ್ಟು ಹೋಗುತ್ತಾರೆ. ಕೊರಿಯರ್ ಹುಡುಗ ಹೆಬ್ಬೆರಳನ್ನು ನೋಡಿಕೊಂಡೇ ಹೆಸರು ಕೇಳುತ್ತಾನೆ.

ಈ ಜಾತಿಯ ಶುದ್ಧ ಮಾದರಿ ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸಿಗುತ್ತದೆ. ವಯಸ್ಸು ಅರವತ್ತರ ಆಚೆ, ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತಿ, ಗೇಟಿನೊಳಗೆ ಒಂದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ವಂಶದ್ದು, ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು, 1089 ಸಿಸಿ ಎಂಜಿನ್, ಸ್ಟೀರಿಂಗಿನ ಮಗ್ಗುಲಲ್ಲೇ ಗೇರಿನ ಕೋಲು. ಒಂದು ಕಾಲದಲ್ಲಿ ಇದಕ್ಕೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದದ್ದನ್ನು ಗುಜರಿಗೆ ಕೊಡಿ ಎಂದ ಮಗನ ಫೋನನ್ನು ಇವರು ಎರಡು ವಾರ ತೆಗೆಯುವುದಿಲ್ಲ.

ಇವರನ್ನು ಕಾರಿನಡಿಗೆ ಎಳೆಯುವ ಕಾರಣಗಳು ಹಲವು. ಅವುಗಳಲ್ಲಿ ಬಹುಕಾಲ ಬಾಳುವಂಥದ್ದು ಪೆಟ್ರೋಲ್ ಪೈಪಿನ ತುಕ್ಕು. ಟ್ಯಾಂಕು ಹಿಂದೆ, ಎಂಜಿನ್ ಮುಂದೆ. ನಡುವೆ ಕಿರುಬೆರಳಿಗಿಂತ ಸಣ್ಣದಾದ ಉಕ್ಕಿನ ಕೊಳವೆ ಕಾರಿನ ಹೊಟ್ಟೆಯುದ್ದಕ್ಕೂ ಹಾದುಹೋಗುತ್ತದೆ. ಅದನ್ನು ಅಲ್ಲಲ್ಲಿ ಹಿಡಿದಿರುವ ಕ್ಲಿಪ್ಪುಗಳ ಸಂದಿಗೆ ಚಕ್ರ ಎರಚಿದ ಕೆಸರು ಸೇರಿ, ಮಳೆಗಾಲ ಮುಗಿದ ಮೇಲೂ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಕೆಲಸ ಇನ್ನೂ ಬೇಗ ಆಗುತ್ತದೆ. ಈಚೆಗೆ ಎಥೆನಾಲ್ ಬೇರೆ ಸೇರಿಕೊಂಡಿದೆ. ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತದೆ, ಟ್ಯಾಂಕಿನ ತಳದಲ್ಲಿ ತೆಪ್ಪಗೆ ಕೂತಿದ್ದ ಹಳೇ ಜಿಡ್ಡನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಇಷ್ಟು ನಿಜ. ತಮ್ಮ ಸೊಂಟನೋವನ್ನೂ ಇವರು ಅದೇ ಖಾತೆಗೆ ಬರೆಯುತ್ತಾರೆ.

ರೋಗದ ಲಕ್ಷಣ ವಿಚಿತ್ರವಾದದ್ದು. ಪದ್ಮಿನಿಯಂಥ ಕಾರಿನಲ್ಲಿ ಎಂಜಿನ್ ಬಳಿಯಿರುವ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುತ್ತದೆ. ಹಾಗಾಗಿ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಗಾಡಿ ಓಡುವಾಗ ಹನಿಯೂ ಸೋರದು. ಆ ತೂತು ಗಾಳಿಯನ್ನು ಒಳಗೆಳೆಯುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಕಾರು ಕೆಮ್ಮಿ, ಮುಗ್ಗರಿಸಿ, ನಿಂತೇಬಿಡುತ್ತದೆ. ಪಕ್ಕದ ಸೀಟಿನ ನೆರೆಯವರು ‘ಪೆಟ್ರೋಲ್ ಮುಗಿದಿರಬೇಕು ಸಾರ್’ ಎಂದರೆ, ಬರುವ ಉತ್ತರ ಒಂದು ನೋಟ ಮಾತ್ರ. ರಾತ್ರಿ ನಿಂತಲ್ಲಿ ಅದೇ ತೂತು ತೊಟ್ಟಿಕ್ಕಿ, ಬೆಳಗ್ಗೆ ಬೀದಿಗೆಲ್ಲ ವಾಸನೆ ಹಬ್ಬಿದಾಗ ರೋಗ ಪತ್ತೆಯಾಗುತ್ತದೆ.

ಮೊದಲ ಹಂತ ಮನೆಮದ್ದು. ತೂತಿಗೆ ಸೋಪು ತಿಕ್ಕುವುದು ಲಾರಿ ಡ್ರೈವರುಗಳ ಕಾಲದ ಉಪಾಯ; ಸೋಪು ಪೆಟ್ರೋಲಿನಲ್ಲಿ ಕರಗದ ಕಾರಣ ಊರು ಮುಟ್ಟುವಷ್ಟು ದೂರ ಅದು ಮರ್ಯಾದೆ ಕಾಯುತ್ತದೆ. ಎಂ-ಸೀಲ್ ಹಚ್ಚಿದರೆ ಕೆಲವು ದಿನ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದರೆ ಅದು ಪೆಟ್ರೋಲ್ ಕುಡಿದು ಉಬ್ಬಿ, ತಾನಾಗಿ ಕಳಚಿ ಬೀಳುತ್ತದೆ. ಮೂರನ್ನೂ ಮೂರು ಭಾನುವಾರ ಮಾಡಿ ನೋಡಿದ ಬಳಿಕವೇ ಪೈಪು ಬದಲಾಯಿಸುವ ತೀರ್ಮಾನವಾಗುವುದು.

ಇಲ್ಲಿ ಟಾರ್ಚ್ ಹಿಡಿಯುವವನ ಬಗ್ಗೆ ತುಸು ವಿವರವಾಗಿ ಹೇಳಬೇಕು. ಶಾಸ್ತ್ರಗ್ರಂಥಗಳು ಅವನನ್ನು ಅಲಕ್ಷಿಸಿವೆ. ಟಾರ್ಚ್ ಹಿಡಿಯುವವನು ಸಾಮಾನ್ಯವಾಗಿ ಪಕ್ಕದ ಮನೆಯವನು. ಪೇಪರ್ ತರಲು ಗೇಟಿಗೆ ಬಂದು ಸಿಕ್ಕಿಬಿದ್ದವನು. ‘ಎರಡೇ ನಿಮಿಷ ಬನ್ನಿ ಸಾರ್’ ಎಂಬುದು ಕರೆ. ಈ ಎರಡು ನಿಮಿಷದಲ್ಲಿ ಇಡ್ಲಿ ಆರುತ್ತದೆ, ಅವನ ಮನೆಯಲ್ಲಿ ಸ್ನಾನದ ನೀರೂ ಆರುತ್ತದೆ. ಒಬ್ಬರು ಡಿಕ್ಕಿಯತ್ತ ತಲೆ ಹಾಕಿ ಅಂಗಾತ ಮಲಗಿದ್ದಾರೆ, ಇನ್ನೊಬ್ಬ ಎದುರಿನಿಂದ ಕುಕ್ಕರಗಾಲಲ್ಲಿ ಬಗ್ಗಿದ್ದಾನೆ; ಆದ್ದರಿಂದ ‘ಸ್ವಲ್ಪ ಎಡಕ್ಕೆ’ ಎಂಬ ಆಜ್ಞೆಯ ಅರ್ಥದಲ್ಲಿ ಎಂದೂ ಒಮ್ಮತವಿರುವುದಿಲ್ಲ. ‘ನಿಮ್ಮ ಎಡವೋ ನನ್ನ ಎಡವೋ?’ ‘ಕಾರಿನ ಎಡ, ಸಾರ್!’ ಕಾರಿಗೂ ಒಂದು ಅಭಿಪ್ರಾಯವಿದೆ ಎಂದು ಟಾರ್ಚ್ ಹಿಡಿಯುವವನು ಕಲಿಯುವುದು ಆಗಲೇ. ನಟ್ಟು ಬಿಚ್ಚುವ ಕ್ಷಣದಲ್ಲಿ ಅವನಿಗೆ ಸೀನು ಬರುವುದೂ, ಬೆಳಕು ಸ್ಪ್ಯಾನರ್ ಬಿಟ್ಟು ಮಲಗಿದವರ ಕಣ್ಣಿಗೆ ಬೀಳುವುದೂ ಬಹುತೇಕ ನಿಯಮ. ಆಗ ಕಾರಿನಡಿಯಿಂದ ಹೊರಡುವ ಮಾತು ನಿವೃತ್ತ ಬ್ಯಾಂಕ್ ಅಧಿಕಾರಿಗೆ ತಕ್ಕದ್ದಲ್ಲ. ಇಂಥವನು ಮೂರು ವರ್ಷದ ಅನುಭವದ ನಂತರವೂ ಪೆಟ್ರೋಲ್ ಪೈಪಿನ ನಟ್ಟು ಯಾವುದು, ಬ್ರೇಕಿನ ನಟ್ಟು ಯಾವುದು ಎಂದು ಹೇಳಲಾರ. ಆದರೂ ಟಾರ್ಚನ್ನು ಶನಿವಾರ ರಾತ್ರಿಯೇ ಚಾರ್ಜಿಗೆ ಹಾಕಿರುತ್ತಾನೆ ಎಂಬುದನ್ನು ದಾಖಲಿಸಬೇಕು.

ಕೆಲಸದ ಕ್ರಮ ಹೀಗೆ. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ತೆಗೆಯಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದದ್ದರಿಂದ ನೆಲ ಹಿಡಿದು ಹರಿದು, ತುಳಸಿಕಟ್ಟೆಯ ದೀಪವನ್ನೂ ಮುಟ್ಟಬಲ್ಲದು. ಕೆಲಸ ಬಯಲಿನಲ್ಲೇ ಆಗಬೇಕು; ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಬೇಕು. ಬರೀ ಜಾಕನ್ನು ನಂಬಿಯೋ, ಸೈಜುಗಲ್ಲು ಪೇರಿಸಿಯೋ ಕೆಳಗೆ ನುಸುಳುವವರಿದ್ದಾರೆ. ಕಲ್ಲು ಯಾವಾಗ ಜಾರುತ್ತದೆಂದು ಹೇಳಿ ಜಾರುವುದಿಲ್ಲ. ಜಾಕ್ ಸ್ಟ್ಯಾಂಡೇ ಬೇಕು, ಚಕ್ರಕ್ಕೆ ಚಪ್ಪಲಿಯ ಬದಲು ಮರದ ತುಂಡು ಬೇಕು. ಟ್ಯಾಂಕನ್ನು ಬಾಯಲ್ಲಿ ಹೀರಿ ಖಾಲಿ ಮಾಡುವುದು ಹಳೆಯ ಶೂರತನ. ಶ್ವಾಸಕೋಶಕ್ಕೆ ಒಂದು ಗುಟುಕು ಹೋದರೂ ಆಸ್ಪತ್ರೆ. ಕೈಪಂಪಿಗೆ ಇನ್ನೂರು ರೂಪಾಯಿ ಕೊಡಲು ಹಿಂಜರಿಯುವವರು ಇದನ್ನು ಗಮನಿಸಬೇಕು. ಎಷ್ಟು ಖಾಲಿ ಮಾಡಿದರೂ ಪೈಪಿನಲ್ಲಿ ಉಳಿದ ಪೆಟ್ರೋಲ್, ಎತ್ತಿದ ಕೈಯ ಮೇಲೆ ಇಳಿದು ಕಂಕುಳಲ್ಲಿ ನಿಲ್ಲುತ್ತದೆ. ಇದಕ್ಕೆ ಪರಿಹಾರ ಕಂಡುಹಿಡಿದಿಲ್ಲ.

ತುಕ್ಕು ಕಚ್ಚಿದ ನಟ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಡಬೇಕು. ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ನಟ್ಟು ಗೋಲಿಯಾಗುತ್ತದೆ. ಹೊಸ ಪೈಪಿಗಾಗಿ ಬೆಂಗಳೂರಿನವರು ಜೆ.ಸಿ. ರಸ್ತೆಗೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಗೆ ಹೋಗುತ್ತಾರೆ. ತಾಮ್ರದ ಪೈಪು ಸುಲಭವಾಗಿ ಬಾಗುತ್ತದೆಂಬ ಆಸೆಗೆ ಬೀಳಬಾರದು. ಗಾಡಿಯ ಅದುರಿಗೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ಉಕ್ಕು ಸರಿ, ತಾಮ್ರ-ನಿಕ್ಕಲ್ ಮಿಶ್ರಲೋಹ ಇನ್ನೂ ಸರಿ. ರಬ್ಬರ್ ಹೋಸ್ ಎಥೆನಾಲಿಗೆ ತಡೆಯುವ ಪೆಟ್ರೋಲ್ ಹೋಸೇ ಆಗಿರಬೇಕು. ಕಾರ್ಬ್ಯುರೇಟರ್ ಕಾರಿನಲ್ಲಿ ಒತ್ತಡ ಕೆಲವೇ ಪಿಎಸ್‌ಐ. ಇಂಜೆಕ್ಷನ್ ಕಾರುಗಳಲ್ಲಿ ಸುಮಾರು 3 ಬಾರ್, ಅಂದರೆ 40 ಪಿಎಸ್‌ಐ ದಾಟುತ್ತದೆ. ಮೊದಲಿನದರ ಹೋಸನ್ನು ಎರಡನೆಯದಕ್ಕೆ ಹಾಕಿದರೆ ಬಾನೆಟ್ಟಿನ ಕೆಳಗೆ ಕಾರಂಜಿ.

ಹಳೆಯ ಪೈಪನ್ನು ತುಂಡರಿಸದೆ ಇಡಿಯಾಗಿ ಇಳಿಸಬೇಕು, ಏಕೆಂದರೆ ಹೊಸದನ್ನು ಬಗ್ಗಿಸಲು ಅದೇ ಅಚ್ಚು. ಅದನ್ನು ಇಳಿಸುವಾಗ ಹಿಂದಿನ ಆಕ್ಸಲ್ ಬಳಿ ಒಂದು ಕ್ಲಿಪ್ ಇಲ್ಲದೆ, ಬದಲಿಗೆ ವೈಂಡಿಂಗ್ ತಂತಿಯನ್ನು ಏಳೆಂಟು ಸುತ್ತು ಸುತ್ತಿ ತುದಿ ಮಡಚಿದ್ದು ಕಾಣುವುದುಂಟು. ‘ಅಪ್ಪ ಕಟ್ಟಿದ್ದು’ ಎಂದು ಕಾರಿನಡಿಯಿಂದ ಸಣ್ಣ ದನಿ ಬರುತ್ತದೆ. ಆಮೇಲೆ ಸ್ವಲ್ಪ ಹೊತ್ತು ಎಡಕ್ಕೂ ಹೇಳುವುದಿಲ್ಲ, ಬಲಕ್ಕೂ ಹೇಳುವುದಿಲ್ಲ. ಟಾರ್ಚ್ ಹಿಡಿಯುವವನೂ ಕೇಳುವುದಿಲ್ಲ. ಹೊಸ ಪೈಪು ಕೂರಿಸುವಾಗ ಆ ಜಾಗಕ್ಕೆ ರಬ್ಬರ್ ಹಾಸಿದ ಹೊಸ ಕ್ಲಿಪ್ ಬರುತ್ತದೆ. ಅದರ ಮೇಲೆ ಅದೇ ತಂತಿಯನ್ನು ಮತ್ತೆ ಸುತ್ತಲಾಗುತ್ತದೆ. ತಾಂತ್ರಿಕವಾಗಿ ತಂತಿಗೆ ಅಲ್ಲಿ ಕೆಲಸವಿಲ್ಲ.

ಕೊನೆಗೆ ಪರೀಕ್ಷೆ. ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಪ್ರತಿಯೊಂದು ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಬೇಕು. ರಾತ್ರಿ ಕಾರಿನಡಿ ಹಳೆಯ ಪೇಪರ್ ಹರಡಿ ಮಲಗಬೇಕು. ಇದಕ್ಕೆ ಪಕ್ಕದ ಮನೆಯ ಪೇಪರೇ ಬಳಕೆಯಾಗುತ್ತದೆ. ಬೆಳಗ್ಗೆ ಅದು ಒಣಗಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಬ್ರೇಕ್ ಪೈಪು ಅದೇ ಕ್ಲಿಪ್ಪುಗಳ ಸಾಲಿನಲ್ಲಿ, ಅದೇ ಕೆಸರಿನಲ್ಲಿ, ಅಷ್ಟೇ ವರ್ಷ ಕೂತಿರುತ್ತದೆ. ಅದು ಮುಂದಿನ ಭಾನುವಾರಕ್ಕೆ.